ಕಿರುಚುವ ಸೊಸೆ, ಕೂತು ನೋಡುವ ಅತ್ತೆ

ನನ್ನ ಕೆಲಸ ಕಿರುಚುವುದು. ಹೀಗೆಂದರೆ ಕೆಲವರು ನಗುತ್ತಾರೆ, ಕೆಲವರು ನನ್ನ ಗಂಡನ ಮುಖವನ್ನು ಕನಿಕರದಿಂದ ನೋಡುತ್ತಾರೆ. ಅದಕ್ಕೇ ಈಗೀಗ ಯಾರಾದರೂ ಕೇಳಿದರೆ ‘ಸಿನಿಮಾದಲ್ಲಿ ಡಬ್ಬಿಂಗ್’ ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ. ನಿಜ ಹೇಳಬೇಕೆಂದರೆ ನಾನು ಮಾತಿಗೆ ಧ್ವನಿ ಕೊಟ್ಟದ್ದು ತೀರಾ ಕಡಿಮೆ. ದೆವ್ವದ ಸಿನಿಮಾದಲ್ಲಿ ನಾಯಕಿ ಬಾಯಿ ತೆರೆದಾಗ ಕೇಳಿಸುತ್ತದಲ್ಲ, ನೋಡುವವರ ಬೆನ್ನಲ್ಲಿ ಚಳಿ ಹುಟ್ಟಿಸುವಂಥದು, ಅದು ನನ್ನದು. ನಾಯಕಿಯರು ಅಳುತ್ತಾರೆ, ಕುಣಿಯುತ್ತಾರೆ, ಕಣ್ಣಲ್ಲೇ ಮಾತಾಡುತ್ತಾರೆ. ಕಿರುಚಿ ಎಂದರೆ ಮಾತ್ರ ಪಾಪ, ಬಾಗಿಲ ಸಂದಿಗೆ ಬಾಲ ಸಿಕ್ಕಿಸಿಕೊಂಡ ಬೆಕ್ಕಿನ ಹಾಗೆ ಕೀ ಎನ್ನುತ್ತಾರೆ. ಆಗ ನನಗೆ ಫೋನ್ ಬರುತ್ತದೆ.

ಸ್ಟುಡಿಯೋದಲ್ಲಿ ನನ್ನದು ಗೂಡಿನಂಥ ಕೋಣೆ. ಗೋಡೆ ತುಂಬ ಸ್ಪಂಜು, ಒಂದು ಮೈಕು, ಒಂದು ಚಿಕ್ಕ ಪರದೆ, ಒಂದು ಲೋಟ ಬಿಸಿನೀರು. ಗಾಜಿನಾಚೆ ಕೂರುವ ಸೌಂಡ್ ಎಂಜಿನಿಯರ್‌ಗೆ ನಾವೆಲ್ಲ ‘ಇನ್ನೊಂದ್ಸಲ’ ಎಂದೇ ಹೆಸರಿಟ್ಟಿದ್ದೇವೆ. ಸ್ವರ್ಗದ ಬಾಗಿಲು ತೆರೆದರೂ ಒಮ್ಮೆ ಮುಚ್ಚಿ ಇನ್ನೊಂದ್ಸಲ ತೆಗೀರಿ ಎನ್ನುವ ಆಸಾಮಿ. ಅವನನ್ನು ದೂರಿ ಪ್ರಯೋಜನವಿಲ್ಲ, ಕಿರುಚಾಟದಲ್ಲೂ ಬಗೆಬಗೆ ಉಂಟು. ಭುಜದ ಮೇಲೆ ಕೈ ಬಿದ್ದಾಗಿನದು ಗಿಡ್ಡ, ಉಸಿರನ್ನು ಒಳಕ್ಕೆ ಎಳೆದುಕೊಳ್ಳುವಂಥದು. ಬೀರುವಿನ ಬಾಗಿಲು ತೆರೆದಾಗಿನದಕ್ಕೆ ಎರಡು ಭಾಗ: ಕಂಡದ್ದನ್ನು ನಂಬಲಾಗದ್ದು ಮೊದಲು, ನಂಬಿದ್ದು ಆಮೇಲೆ. ಮಹಡಿಯಿಂದ ಬೀಳುವಾಗಿನದು ಉದ್ದಕ್ಕೆ ಹೋಗುತ್ತ ದಾರದ ಹಾಗೆ ಸಣ್ಣಗಾಗಬೇಕು. ಎಲ್ಲದಕ್ಕೂ ಗಾಳಿ ಹೊಟ್ಟೆಯಿಂದ ಬರಬೇಕು. ಗಂಟಲಿಗೆ ಬಿಟ್ಟರೆ ಮರುದಿನ ಹಾಲಿನವನ ಹತ್ತಿರ ಜಗಳಾಡಲೂ ಆಗುವುದಿಲ್ಲ.

ಈ ಕೆಲಸದಲ್ಲಿ ಒಂದೇ ಒಂದು ಕಟ್ಟುನಿಟ್ಟು ಇದೆ. ಕಿರುಚಾಟದೊಳಗೆ ಮಾತಿರಬಾರದು. ಸಿನಿಮಾ ನಾಲ್ಕಾರು ಭಾಷೆಗಳಿಗೆ ಹೋಗುತ್ತದೆ. ಮಾತನ್ನು ಆಯಾ ಭಾಷೆಯವರು ಹೊಸದಾಗಿ ಸೇರಿಸಿಕೊಳ್ಳುತ್ತಾರೆ, ಕಿರುಚಾಟ ಮಾತ್ರ ಎಲ್ಲ ಕಡೆಗೂ ಒಂದೇ. ಮೊದಮೊದಲು ನನ್ನ ಬಾಯಿಂದ ‘ಅಯ್ಯೋ’, ‘ಅಮ್ಮಾ’ ನುಸುಳಿಬಿಡುತ್ತಿದ್ದವು. “ಅಮ್ಮ ಬೇಡ ಅಕ್ಕಾ, ಅಯ್ಯೋನೂ ಬೇಡ. ಬರೀ ಗಾಳಿ ಸಾಕು. ಇನ್ನೊಂದ್ಸಲ,” ಎನ್ನುತ್ತಿದ್ದ ಅವನು. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಒಂದೊಂದು ಮಾತನ್ನೂ ಆರಿಸಿ ಎಸೆದೆ. ವರ್ಷಗಳೇ ಹಿಡಿದವು. ಕೊನೆಗೆ ಎಷ್ಟು ಜೋರಾಗಿ ಕಿರುಚಿದರೂ ಅದರಲ್ಲಿ ಯಾರ ಹೆಸರೂ ಇಲ್ಲದಂತಾಯಿತು. ಅದು ನನಗೆ ಹೆಮ್ಮೆಯ ವಿಷಯವೇ ಆಗಿತ್ತು.

ಇಷ್ಟೆಲ್ಲ ಮಾಡಿಯೂ ನಾನು ಒಂದೇ ಒಂದು ದೆವ್ವದ ಸಿನಿಮಾವನ್ನು ಥಿಯೇಟರಿನಲ್ಲಿ ಕೂತು ನೋಡಿದವಳಲ್ಲ. ನಾನು ಪುಕ್ಕಲಿ. ಸ್ಟುಡಿಯೋಗೆ ಬರುವುದು ನಾನು ಕಿರುಚಬೇಕಾದ ತುಣುಕುಗಳು ಮಾತ್ರ. ಅವಕ್ಕೆ ಸಂಗೀತವಿಲ್ಲ, ಹಿಂದುಮುಂದಿಲ್ಲ. ಅಲ್ಲಿ ದೆವ್ವ ಎಂದರೆ ಬಣ್ಣ ಬಳಿದುಕೊಂಡ ಒಬ್ಬ ಮನುಷ್ಯ. ಶಾಟ್ ಮುಗಿಯುವ ಮೊದಲೇ ತೊಡೆ ಕೆರೆದುಕೊಳ್ಳುತ್ತಾನೆ. ಅವನನ್ನು ಕಂಡು ಕಿರುಚುವುದಕ್ಕೆ ಧೈರ್ಯವೇನೂ ಬೇಕಿಲ್ಲ.

ನಮ್ಮ ಮನೆಯಲ್ಲಿ ದೆವ್ವದ ಸಿನಿಮಾ ನೋಡುವವರು ನಮ್ಮತ್ತೆ. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ನಮ್ಮ ಬೀದಿಯ ಕೊನೆಯಲ್ಲೊಂದು ಹಳೆಯ ಥಿಯೇಟರ್ ಇದೆ. ಶನಿವಾರ ಮಧ್ಯಾಹ್ನದ ಆಟಕ್ಕೆ ದೆವ್ವ ಬರಲಿ, ಶಾಪ ಹಿಡಿದ ಗೊಂಬೆ ಬರಲಿ, ಗೋಡೆಯೊಳಗೆ ಹೂತ ಹೆಣ ಬರಲಿ, ಅತ್ತೆ ಹಾಜರ್. ಮುಖ ತೊಳೆದು, ತಲೆ ಬಾಚಿ, ಮದುವೆಗೆ ಹೊರಟವರ ಹಾಗೆ ಹೊರಡುತ್ತಿದ್ದರು. ವಾಪಸು ಬರುವಾಗ ಕೆನ್ನೆಯಲ್ಲಿ ಬಣ್ಣ, ಕಣ್ಣಲ್ಲಿ ಹೊಳಪು, ಹಸಿವು ಬೇರೆ.

ನನ್ನ ಗಂಡನದು ಔಷಧಿ ಅಂಗಡಿ. ತಾಯಿಯನ್ನು ಕೆಣಕದಿದ್ದರೆ ಆತನಿಗೆ ಉಂಡದ್ದು ಜೀರ್ಣವಾಗುವುದಿಲ್ಲ. “ದುಡ್ಡು ಕೊಟ್ಟು ಹೆದರ್ಕೊಂಡು ಬರ್ತೀಯಲ್ಲಮ್ಮಾ, ಬಿಟ್ಟಿಯಾಗಿ ಹೆದರಿಸೋಕೆ ನಾನಿಲ್ವಾ?”

“ನಿನ್ನ ಮುಖ ನೋಡೀ ನೋಡೀ ಅಭ್ಯಾಸ ಆಗೋಗಿದೆ ಕಣೋ. ಈಗ ಏನೂ ಅನ್ಸಲ್ಲ.”

ಯಾಕೆ ನೋಡುತ್ತೀರಿ ಎಂದು ಕೇಳಿದರೆ ಅತ್ತೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುತ್ತಿದ್ದರು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ, ಸಾಹಸ ಮಾಡಿದ ಹಾಗೂ ಆಗುತ್ತೆ ಎಂದು ಒಬ್ಬರಿಗೆ. ದೆವ್ವ ನೋಡಿ ಬಂದರೆ ನಮ್ಮ ನೆಂಟರೆಲ್ಲ ಒಳ್ಳೆಯವರ ಹಾಗೆ ಕಾಣ್ತಾರೆ ಎಂದು ಇನ್ನೊಬ್ಬರಿಗೆ. ನಿಜವಾದ ಉತ್ತರ ಸಿಕ್ಕಿದ್ದು ನನಗೊಬ್ಬಳಿಗೇ, ಒಂದು ದಿನ ಇಬ್ಬರೂ ಅಡಿಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದಾಗ.

“ಯಾರಾದ್ರೂ ಕೂಗಿದ್ರೆ ಏಳಬೇಕು. ಅದೇ ನನ್ನ ಬದುಕಾಗೋಯ್ತು ಕಣೇ,” ಎಂದರು. “ವಾರ್ಡಲ್ಲಿ ಯಾರೋ ನರಳಿದ್ರು, ಏಳು. ಮನೇಲಿ ಮಗು ಚೀರ್ತು, ಏಳು. ನಿಮ್ಮ ಮಾವ ಹಾಸಿಗೆ ಹಿಡಿದ್ರು, ಕೂತ್ಕೊಂಡಿದ್ದೇ ಇಲ್ಲ. ಒಂದು ತಟ್ಟೆ ಊಟಾನ ಬಿಸಿಯಾಗಿ ಪೂರ್ತಿ ಉಂಡಿದ್ದು ನೆನಪಿಲ್ಲ ನಂಗೆ. ಥಿಯೇಟರಲ್ಲಿ ನೋಡು, ಅವಳು ಎಷ್ಟು ಬೇಕಾದ್ರೂ ಕಿರುಚಲಿ, ಏಳಬೇಕಾಗಿಲ್ಲ. ಅವಳನ್ನ ಕಾಪಾಡೋ ಜವಾಬ್ದಾರಿ ನಂದಲ್ಲ. ಎದೆ ಡವಡವ ಅನ್ನುತ್ತೆ, ಕಾಲು ಮಾತ್ರ ಆರಾಮಾಗಿರುತ್ತೆ. ಆ ಸುಖ ನಿನಗೆ ಗೊತ್ತಾಗಲ್ಲ ಬಿಡು.”

ನಾನು ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದದ್ದು ಹಿಂದಿನ ಕೋಣೆಯಲ್ಲಿ. ಅಲ್ಲಿ ಹೆಚ್ಚುವರಿ ಹಾಸಿಗೆಗಳು, ಕಂಬಳಿಗಳು ಇರುವುದರಿಂದ ಸದ್ದು ಸ್ವಲ್ಪ ಅಡಗುತ್ತಿತ್ತು. ಆದರೂ ಪಕ್ಕದ ಮನೆಗೆ ಹೊಸದಾಗಿ ಬಂದವರು ಒಮ್ಮೆ ಪೊಲೀಸರನ್ನು ಕರೆಸಿದ್ದುಂಟು. ಅತ್ತೆಯೇ ಅವರಿಗೆ ಟೀ ಕೊಟ್ಟು, ನನ್ನಿಂದ ಒಂದು ಮಾದರಿ ಕಿರುಚಿಸಿ ಕಳಿಸಿದರು. ಆಮೇಲೆ ಇಡೀ ಬೀದಿಗೆ ನನ್ನ ಕಿರುಚಾಟ ಕುಕ್ಕರಿನ ಸೀಟಿಯಷ್ಟೇ ಮಾಮೂಲಾಯಿತು. ಅಡಿಗೆಮನೆಯಿಂದ ಅತ್ತೆಯ ವಿಮರ್ಶೆ ಬರುತ್ತಿತ್ತು: “ಇದು ಹಳಸಿದೆ ಕಣೇ.” “ಇದು ದೆವ್ವ ನೋಡಿದ್ದಲ್ಲ, ಜಿರಳೆ ನೋಡಿದ್ದು.” ಇಷ್ಟೊಂದು ದೆವ್ವದ ಸಿನಿಮಾ ನೋಡಿದ ಇನ್ನೊಬ್ಬ ಪರೀಕ್ಷಕರು ನನಗೆ ಎಲ್ಲಿ ಸಿಗಬೇಕು? ಇನ್ನೊಂದ್ಸಲನಿಗಿಂತ ನನಗೆ ಅವರ ಮಾತೇ ಮುಖ್ಯವಾಗಿತ್ತು.

ನಾನು ಬಿದ್ದದ್ದು ಅದೇ ಕೋಣೆಯಲ್ಲಿ. ಅಂದು ಮಧ್ಯಾಹ್ನ ಅಭ್ಯಾಸ ಮುಗಿಸಿದ್ದೆ. ಚಳಿಗೆ ಇನ್ನೊಂದು ಕಂಬಳಿ ಬೇಕಿತ್ತು. ಅಟ್ಟದ ಮೇಲಿಂದ ತೆಗೆಯೋಣವೆಂದು ಸ್ಟೂಲು ಹತ್ತಿದೆ. ಕಂಬಳಿ ಎಳೆದ ರಭಸಕ್ಕೆ ಸ್ಟೂಲಿನ ಕಾಲು ಜಾರಿತು. ನನ್ನ ಪಾದ ನನ್ನ ಕೆಳಗೇ ಮಡಿಚಿಕೊಂಡದ್ದು ಕಾಣಿಸಿತು, ಒಳಗೆ ಏನೋ ಲಟಕ್ಕೆಂದದ್ದು ಕೇಳಿಸಿತು, ನಾನು ಕಿರುಚಿದೆ.

ಎಂಥ ಕಿರುಚಾಟ ಅದು! ಹೊಟ್ಟೆಯಿಂದ ಎದ್ದು, ಎದೆ ತುಂಬಿ, ಮೇಲಕ್ಕೆ ಹೋಗಿ, ದಾರದ ಹಾಗೆ ಸಣ್ಣಗಾಯಿತು. ಒಂದು ಮಾತಿಲ್ಲ. ಅಯ್ಯೋ ಇಲ್ಲ, ಅಮ್ಮ ಇಲ್ಲ. ಮೂಳೆ ಮುರಿದ ಆ ಗಳಿಗೆಯಲ್ಲೂ ನನ್ನ ಗಂಟಲು ಕೆಲಸಕ್ಕೆ ಹೋದ ಹಾಗೆ ನಡೆದುಕೊಂಡಿತು. ಅಡಿಗೆಮನೆಯಿಂದ ಅತ್ತೆಯ ಧ್ವನಿ ಬಂತು: “ಶಭಾಷ್! ಇದು ನೋಡು! ಇದನ್ನ ಮರೀಬೇಡ!”

ಆಮೇಲೆ ಕೂಗಲು ನನ್ನಲ್ಲಿ ಗಾಳಿಯೇ ಇರಲಿಲ್ಲ. ನೋವು ಉಸಿರನ್ನೆಲ್ಲ ಹಿಡಿದುಕೊಂಡಿತ್ತು. ಕಂಬಳಿಯ ಮೇಲೆ ಮಲಗಿ ಚಾವಣಿಯ ಬಿರುಕು ನೋಡುತ್ತಿದ್ದೆ. ಆಚೆ ಅತ್ತೆ ಪಾತ್ರೆ ಜೋಡಿಸುತ್ತ ಏನೋ ಗುನುಗುತ್ತಿದ್ದರು. ಇಷ್ಟು ಹತ್ತಿರ ಇದ್ದಾರೆ, ಇಷ್ಟು ಖುಷಿಯಾಗಿದ್ದಾರೆ, ನಾನು ಇಲ್ಲಿ ಹೀಗೆ ಬಿದ್ದಿದ್ದೇನೆ ಎಂದು ಅನಿಸಿ, ಯಾಕೋ ನೋವಿಗಿಂತ ಅದಕ್ಕೇ ಹೆಚ್ಚು ಅಳು ಬಂತು. ಟೀ ಆರಿತು ಎಂದು ಕರೆಯಲು ಅವರು ಬಂದಾಗ ನನ್ನ ತುಟಿ ಬೆಳ್ಳಗಾಗಿತ್ತಂತೆ.

ಅತ್ತೆ ಕೂಡಲೇ ನನ್ನ ಪಕ್ಕ ನೆಲಕ್ಕೆ ಕೂತರು. ಹಳೆಯ ಪತ್ರಿಕೆಯನ್ನು ಮಡಿಚಿ ಕಾಲಿಗೆ ಆನಿಸಿ, ಟವೆಲ್ಲು ಹರಿದು ಕಟ್ಟಿದರು. ಆಂಬುಲೆನ್ಸಿನಲ್ಲಿ ನನ್ನ ತಲೆ ಸವರುತ್ತ ಕೂತಿದ್ದರು. ಹಿಮ್ಮಡಿಯ ಮೇಲಿನ ಮೂಳೆ ಮುರಿದಿತ್ತು. ಪ್ಲಾಸ್ಟರ್ ಹಾಕಿ ಮನೆಗೆ ಕಳಿಸಿದರು. ದೊಡ್ಡ ಗಂಡಾಂತರವೇನೂ ಅಲ್ಲ. ಕಾಲು ತನ್ನ ಪಾಡಿಗೆ ಕೂಡಿಕೊಳ್ಳುತ್ತ ಬಂತು.

ಕೂಡಿಕೊಳ್ಳದೇ ಹೋದದ್ದು ಅತ್ತೆ. ಶನಿವಾರ ಬಂದರೆ ಥಿಯೇಟರಿನ ಮಾತೇ ಇಲ್ಲ. “ಒಳ್ಳೇ ಸಿನಿಮಾ ಇಲ್ಲ ಬಿಡು,” ಎನ್ನುತ್ತಿದ್ದರು. ದೆವ್ವದ ಸಿನಿಮಾದಲ್ಲಿ ಒಳ್ಳೆಯದು ಕೆಟ್ಟದ್ದು ಎಂದು ಅವರು ಯಾವತ್ತು ಆರಿಸಿದ್ದರು? ಬೀದಿಯಲ್ಲಿ ಮಕ್ಕಳು ಚೀರಿದರೆ ತಟ್ಟೆ ಬಿಟ್ಟು ಏಳುತ್ತಿದ್ದರು. ಟಿವಿಯಲ್ಲಿ ಯಾರೋ ಅರಚಿದರೆ ನನ್ನ ಕೋಣೆಗೆ ಬಂದು ಇಣುಕುತ್ತಿದ್ದರು. ಒಂದು ದಿನ ಹಾಸಿಗೆಯಲ್ಲೇ ಕೂತು ಗಂಟಲು ಸರಿಮಾಡಿಕೊಳ್ಳಲು ಸಣ್ಣದೊಂದು ಕಿರುಚಾಟ ಬಿಟ್ಟೆ. ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಓಡಿಬಂದರು. “ಅಭ್ಯಾಸ ಅತ್ತೆ,” ಎಂದೆ. “ಹೂಂ,” ಎಂದು ಬಾಗಿಲಲ್ಲೇ ನಿಂತರು. ಮುಂದಿನದಕ್ಕೂ ನಿಂತೇ ಇದ್ದರು. ನಾನು ಅಭ್ಯಾಸ ನಿಲ್ಲಿಸಿದೆ. ಚೆನ್ನಾಗಿದೆ ಎನ್ನುವವರಿಲ್ಲ, ಹಳಸಿದೆ ಎನ್ನುವವರೂ ಇಲ್ಲ.

ಗಂಡನ ಹತ್ತಿರ ಹೇಳಿದೆ. “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಿಮ್ಮಿಬ್ಬರದ್ದು ಒಂದೇ ಕಾಲು ಮುರಿದ ಹಾಗಿದೆಯಲ್ಲೇ,” ಎಂದು ನಕ್ಕು, ನನ್ನ ಮುಖ ನೋಡಿ ನಗು ನಿಲ್ಲಿಸಿದ. “ಅಮ್ಮ ಊಟ ಕಮ್ಮಿ ಮಾಡಿದ್ದಾಳೆ. ನಾನೂ ನೋಡ್ತಿದ್ದೀನಿ,” ಎಂದ.

ಮುಂದಿನ ಶನಿವಾರ ನಾನೇ ಜಗಳ ತೆಗೆದು ಅವರನ್ನು ಥಿಯೇಟರಿಗೆ ಅಟ್ಟಿದೆ. ಅರ್ಧ ಆಟಕ್ಕೇ ವಾಪಸು ಬಂದರು. ಚಪ್ಪಲಿ ಬಿಟ್ಟು, ನನ್ನ ಮಂಚದ ಕೊನೆಯಲ್ಲಿ ಕೂತು, ಪ್ಲಾಸ್ಟರಿನ ಅಂಚು ಸವರುತ್ತ ಹೇಳಿದರು.

“ಆಗ್ಲಿಲ್ಲ ಕಣೇ. ಅವಳು ಕಿರುಚಿದಾಗೆಲ್ಲ ಎದ್ದು ನಿಂತ್ಕೊಂಡೆ. ಹಿಂದಿನೋರು ಬೈದ್ರು, ಅಜ್ಜಿ ಕೂತ್ಕೊಳಿ, ಕಾಣ್ಸಲ್ಲ ಅಂತ. ಕೂತೆ. ಮತ್ತೆ ಕಿರುಚಿದ್ಳು, ಮತ್ತೆ ಎದ್ದೆ.”

ನನಗೆ ನಗು ಬಂತು, ನುಂಗಿಕೊಂಡೆ. “ಅತ್ತೆ, ನಿಮ್ಮ ತಪ್ಪಿಲ್ಲ. ಯಾರಾಗಿದ್ರೂ ಅಭ್ಯಾಸ ಅಂತಾನೇ ಅಂದ್ಕೋತಿದ್ರು.”

“ತಪ್ಪಿನ ಮಾತಲ್ಲ ಅದು.” ಅತ್ತೆ ತಲೆಯಾಡಿಸಿದರು. “ವಾರ್ಡಲ್ಲಿ ಎಂತೆಂಥ ಕೂಗು ಕೇಳಿದ್ದೀನಿ. ನಿಜವಾಗಿ ನೋವಾದ್ರೆ ಜನ ಬರೀ ಕಿರುಚಲ್ಲ ಕಣೇ. ಯಾರನ್ನಾದ್ರೂ ಕರೀತಾರೆ. ಅಮ್ಮಾ ಅಂತಾರೆ, ಸಿಸ್ಟರ್ ಅಂತಾರೆ. ಒಬ್ಬ ಅಜ್ಜ ಇದ್ದ, ಎಂದೋ ಸತ್ತ ಹೆಂಡ್ತೀನ ಕರೀತಿದ್ದ. ನಿನ್ನ ಕೂಗಲ್ಲಿ ಯಾರೂ ಇರ್ಲಿಲ್ಲ. ಅದಕ್ಕೇ ನಾನು ಏಳ್ಲಿಲ್ಲ.”

“ಅದು ಅಭ್ಯಾಸ ಬಲ ಅತ್ತೆ. ಮಾತು ಬರಬಾರದು ಅಂತ ವರ್ಷಗಟ್ಟಲೆ...”

“ಗೊತ್ತು. ನೀನು ಹೇಳಿದ್ದೀಯ.” ಪ್ಲಾಸ್ಟರಿನಿಂದ ಕೈ ತೆಗೆದರು. “ನಿನ್ನ ಗಂಡ ಅಂಗಡೀಲಿದ್ದ. ನಿಮ್ಮಮ್ಮ ಇರೋದು ಬೇರೆ ಊರಲ್ಲಿ. ಗೋಡೆ ಆಚೆ ಇದ್ದವಳು ನಾನು. ಇಷ್ಟು ವರ್ಷ ಒಂದೇ ಮನೇಲಿ ಉಂಡಿದ್ದೀವಿ. ಕಾಲು ಮುರಿದು ಬಿದ್ದಾಗ್ಲೂ ನಿನಗೆ ಅತ್ತೆ ಅಂತ ಬಾಯಿಗೆ ಬರ್ಲಿಲ್ವಲ್ಲ ಅಂತ.”

ಅಷ್ಟು ಹೇಳಿ ಅಡಿಗೆಮನೆಗೆ ಹೋದರು. ಕೋಪವಿಲ್ಲ, ಕಣ್ಣೀರಿಲ್ಲ. ಮೂಳೆ ಮುರಿದ ದಿನವೂ ನನಗೆ ಅಷ್ಟು ನೋವಾಗಿರಲಿಲ್ಲ. ಅವರಿಗೆ ಏನೆಂದು ಉತ್ತರ ಹೇಳಲಿ? ಅಭ್ಯಾಸ ಬಲ ಎಂದು ನಾನು ಹೇಳಿದ್ದು ನಿಜವೇ ಇರಬಹುದು. ಆದರೆ ಮಾತನ್ನೆಲ್ಲ ಆರಿಸಿ ಎಸೆಯುವಾಗ, ಯಾರನ್ನಾದರೂ ಕರೆಯುವುದನ್ನೇ ಎಸೆದುಬಿಟ್ಟೆನೇ ಎಂಬ ಭಯ ಅಂದಿನಿಂದ ನನಗೂ ಹಿಡಿಯಿತು. ಯಾವ ದೆವ್ವಕ್ಕೂ ಹಾಗೆ ಹೆದರಿದವಳಲ್ಲ ನಾನು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಒಂದು ದಿನ ಹಿಂದಿನ ಕೋಣೆಗೆ ಹೋಗಿ, ಬಾಗಿಲು ಅರ್ಧ ತೆರೆದಿಟ್ಟು, “ಅತ್ತೇ!” ಎಂದು ಕೂಗಿ ನೋಡಿದೆ. ಬುದ್ಧಿಗೇಡಿ ಕೆಲಸ. ಅವರು ಓಡಿಬಂದರು, ನಾನು ಎರಡೂ ಕಾಲ ಮೇಲೆ ನೆಟ್ಟಗೆ ನಿಂತದ್ದನ್ನು ನೋಡಿದರು, ನನ್ನ ಮುಖ ನೋಡಿದರು. ಎಷ್ಟೆಂದರೂ ನನ್ನ ಕಿರುಚಾಟವನ್ನೆಲ್ಲ ತೂಗಿ ನೋಡಿದ ಕಿವಿ. “ನಾಟಕ ಬೇಡ ಕಣೇ,” ಎಂದು ಮೆಲ್ಲಗೆ ಹೇಳಿ ಹೊರಟುಹೋದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಅಷ್ಟರಲ್ಲಿ ನಾನು ಬೀಳುವುದಕ್ಕೆ ಮುಂಚೆ ಕಿರುಚಿದ್ದ ಸಿನಿಮಾವೊಂದು ನಮ್ಮ ಬೀದಿಯ ಥಿಯೇಟರಿಗೆ ಬಂತು. ನನಗೊಂದು ಉಪಾಯ ಹೊಳೆಯಿತು. ಅತ್ತೆಗೆ ಉತ್ತರ ಕೊಡಲಾರದಿದ್ದರೂ ಅವರ ಶನಿವಾರವನ್ನಾದರೂ ವಾಪಸು ಕೊಡಬಹುದಲ್ಲ.

“ಬನ್ನಿ, ಇಬ್ರೂ ಹೋಗೋಣ,” ಎಂದೆ.

“ನೀನಾ? ಥಿಯೇಟರಿಗಾ? ಬಲ್ಬು ಉರಿದುಹೋದ್ರೆ ಬಾತ್‌ರೂಮಿಗೆ ಹೋಗಲ್ಲ ನೀನು.”

“ಕಿರುಚಿರೋದು ನಾನೇ ಅಲ್ವಾ? ಎಲ್ಲೆಲ್ಲಿ ಅಂತ ನಂಗೆ ಗೊತ್ತು. ಮೊದಲೇ ಹೇಳ್ತೀನಿ, ನಿಮ್ಮ ಕೈ ಹಿಡ್ಕೊಂಡಿರ್ತೀನಿ. ಕಿರುಚಿದವಳು ಪಕ್ಕದಲ್ಲೇ ಸರಿಯಾಗಿ ಕೂತಿದ್ರೆ ನೀವು ಯಾಕೆ ಏಳ್ತೀರ?”

ಅತ್ತೆ ಹೌದೆನ್ನಲಿಲ್ಲ, ಬೇಡವೂ ಎನ್ನಲಿಲ್ಲ. ಶನಿವಾರ ಮುಖ ತೊಳೆದರು, ತಲೆ ಬಾಚಿಕೊಳ್ಳಲಿಲ್ಲ. ಒಲ್ಲದ ಮನಸ್ಸಿನಿಂದಲೇ ಹೊರಟರು. ನಾನು ಇನ್ನೂ ಸ್ವಲ್ಪ ಕುಂಟುತ್ತಿದ್ದೆ. ತೋಳು ಹಿಡಿದುಕೊಂಡರು.

ಥಿಯೇಟರಿನೊಳಗೆ ಹಳೆಯ ಬಟ್ಟೆಯ ವಾಸನೆ. ಅರ್ಧಕ್ಕರ್ಧ ಸೀಟು ಖಾಲಿ. ನಮ್ಮ ಮುಂದಿನ ಸಾಲಿನಲ್ಲಿ ಒಬ್ಬ ಅಪ್ಪ ಮತ್ತು ಎತ್ತರದ ಮಗಳು. ಎಡಗಡೆ ಕಾಲೇಜು ಹುಡುಗಿಯರ ಗುಂಪು. ದೀಪ ಆರುವ ಮೊದಲೇ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕಿಸಿಕಿಸಿ ನಗುತ್ತಿದ್ದರು. ಹಿಂದೆ ಗಂಡ ಹೆಂಡತಿ, ಜಗಳ ಅರ್ಧಕ್ಕೆ ಬಿಟ್ಟು ಬಂದವರ ಹಾಗೆ ಬಿಗಿದುಕೊಂಡು ಕೂತಿದ್ದರು. ದೀಪ ಆರಿತು. ನನ್ನ ಅಂಗೈ ಆಗಲೇ ಒದ್ದೆ.

ಮೊದಲ ಕಿರುಚಾಟ ಬೀರುವಿನದು. ನಾಯಕಿ ಬೀರುವಿನ ಕಡೆ ನಡೆಯುತ್ತಿದ್ದ ಹಾಗೆ ನಾನು ಅತ್ತೆಯ ಕಿವಿಯಲ್ಲಿ, “ಈಗ ನಂದು,” ಎಂದೆ. ಬಂತು. ಸ್ಪಂಜಿನ ಗೂಡಿನಲ್ಲಿ ಬಿಸಿನೀರು ಕುಡಿಯುತ್ತ ನಾನು ಬಿಟ್ಟಿದ್ದ ಗಾಳಿ ಅದೇನಾ? ಗೋಡೆಯಿಂದ ಗೋಡೆಗೆ ಬಡಿಯಿತು. ಅತ್ತೆ ಅರ್ಧ ಎದ್ದೇಬಿಟ್ಟರು. ಮಣಿಕಟ್ಟು ಹಿಡಿದು ಎಳೆದೆ. “ಇಲ್ಲಿದ್ದೀನಿ ಅತ್ತೆ. ನೋಡಿ, ಚೆನ್ನಾಗಿದ್ದೀನಿ.” ಕತ್ತಲಲ್ಲಿ ನನ್ನ ಮುಖವನ್ನೇ ನೋಡಿದರು. ನಿಧಾನವಾಗಿ ಕೂತರು.

ಆಗ ನಾನು ಗಮನಿಸಿದ್ದು ಇನ್ನೊಂದು. ಕಿರುಚಾಟ ಮುಗಿದ ಮೇಲೆ ಒಂದು ಗಳಿಗೆ ಇಡೀ ಥಿಯೇಟರ್ ಉಸಿರು ಹಿಡಿದಿತ್ತು. ಆಮೇಲೆ ಎಲ್ಲರೂ ನಕ್ಕರು. ದೆವ್ವವನ್ನು ನೋಡಿ ಅಲ್ಲ, ಒಬ್ಬರನ್ನೊಬ್ಬರು ನೋಡಿ. ಮಗಳ ಕಣ್ಣು ಮುಚ್ಚಲು ಹೋದ ಅಪ್ಪ ತನ್ನ ಕಣ್ಣನ್ನೇ ಮುಚ್ಚಿಕೊಂಡಿದ್ದ, ಮಗಳು ಅವನ ಬೆನ್ನು ತಟ್ಟುತ್ತಿದ್ದಳು. ಹಿಂದಿನ ಹೆಂಡತಿ ಗಂಡನ ತೋಳಿಗೆ ಅಂಟಿಕೊಂಡಿದ್ದಳು, ಜಗಳ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಹೆದರಿದ ಜನ ಇಷ್ಟು ಚೆನ್ನಾಗಿ ನಗುತ್ತಾರೆಂದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಗೋಡೆಗೆ ಕಿರುಚಿ ಮನೆಗೆ ಹೋಗುತ್ತಿದ್ದೆ. ಅದು ಎಲ್ಲಿಗೆ ತಲುಪುತ್ತದೆಂದು ಒಂದು ದಿನವೂ ನೋಡಿರಲಿಲ್ಲ. ನನಗೆ ಬಹಳ ಸಂತೋಷವಾಯಿತು.

ಭುಜದ ಕೈಗೆ ಅತ್ತೆ ಸೀಟಿನ ಅಂಚಿಗೆ ಬಂದರು, ಏಳಲಿಲ್ಲ. ಬಾವಿಯ ಹತ್ತಿರದ್ದಕ್ಕೆ ಬೆನ್ನು ನೆಟ್ಟಗಾಯಿತು, ಅಷ್ಟೇ. ನಾಯಕಿಯ ಗೆಳತಿ ಮಹಡಿಯಿಂದ ಬೀಳುವಾಗಿನದಕ್ಕೆ ನನ್ನ ಕೈಯನ್ನು ಹಿಂಡಿದರು. ಆ ಕಿರುಚಾಟ ನಾನು ಕೋಣೆಯಲ್ಲಿ ಬಿದ್ದಾಗಿನದರ ತದ್ರೂಪು ಎಂದು ಇಬ್ಬರಿಗೂ ಗೊತ್ತಾಗಿತ್ತು. ನನ್ನ ಉಪಾಯ ಅರ್ಧ ಫಲಿಸಿತ್ತು. ಅವರು ಕೂತಿದ್ದರು ನಿಜ, ಆದರೆ ಡ್ಯೂಟಿಯಲ್ಲಿ ಕೂತವರ ಹಾಗೆ ಕೂತಿದ್ದರು.

ನಾನು ಮಾತ್ರ ಎಲ್ಲ ಬಲ್ಲವಳಾಗಿಬಿಟ್ಟಿದ್ದೆ. “ಇನ್ನು ಕೊನೇಲಿ ಒಂದೇ ಒಂದು. ಅಲ್ಲೀತನಕ ಏನಿಲ್ಲ, ಆರಾಮಾಗಿರಿ,” ಎಂದು ಹೇಳಿ ಹಿಂದಕ್ಕೆ ಒರಗಿದೆ. ಪರದೆಯ ಮೇಲೆ ಹಗಲು. ಅಡಿಗೆಮನೆ. ನಾಯಕಿಯ ಪುಟ್ಟ ಮಗ ಮೇಜಿನ ಮುಂದೆ ಕುರ್ಚಿಯಲ್ಲಿ ಕೂತು ಚಿತ್ರ ಬರೆಯುತ್ತಿದ್ದಾನೆ, ತಾಯಿ ಎದುರಿಗೆ ಕೂತು ಹಣ್ಣು ಹೆಚ್ಚುತ್ತಿದ್ದಾಳೆ. ಸಂಗೀತವೂ ಇಲ್ಲ. ಈ ದೃಶ್ಯ ನಾನು ನೋಡಿರಲಿಲ್ಲ. ಕಿರುಚಾಟವಿಲ್ಲದ ಮೇಲೆ ನನಗೇಕೆ ಕಳಿಸುತ್ತಾರೆ?

ಮಗನ ಪೆನ್ಸಿಲ್ ಕೆಳಗೆ ಬಿತ್ತು. ತಾಯಿ ಎತ್ತಿಕೊಡಲು ಬಗ್ಗಿದಳು. ಮೇಜಿನ ಕೆಳಗೆ ಮಗನ ಎರಡು ಪುಟ್ಟ ಪಾದಗಳು ನೇತಾಡುತ್ತಿದ್ದವು. ಅವುಗಳ ಪಕ್ಕದಲ್ಲಿ ಇನ್ನೆರಡು ಪುಟ್ಟ ಪಾದಗಳು ನೇತಾಡುತ್ತಿದ್ದವು.

ಅವಳು ಕಿರುಚಲಿಲ್ಲ. ಮಗನಿಗೆ ಗೊತ್ತಾಗಬಾರದಲ್ಲ. ಮೇಲೆದ್ದು, ಪೆನ್ಸಿಲ್ ಕೊಟ್ಟು, ನಗುಮುಖ ಮಾಡಿ, ಮತ್ತೆ ಹಣ್ಣು ಹೆಚ್ಚತೊಡಗಿದಳು. ಚಾಕು ಮಾತ್ರ ನಡುಗುತ್ತಿತ್ತು. ಕ್ಯಾಮೆರಾ ಮೇಜಿನ ಕೆಳಗೇ ಉಳಿಯಿತು. ಆ ಇನ್ನೆರಡು ಪಾದಗಳಲ್ಲಿ ಒಂದು ಮೆಲ್ಲಗೆ ಚಾಚಿ, ಹೆಬ್ಬೆರಳಿನಿಂದ ತಡವಿ, ತಾಯಿಯ ಪಾದದ ಮೇಲೆ ಬಂದು ಕೂತಿತು.

“ಅತ್ತೇ!”

ನನ್ನ ಧ್ವನಿಯೇ. ಒಡಕು, ಕೀರಲು, ಗಂಟಲು ಹರಿಯುವಂಥದು. ಹೊಟ್ಟೆಯಿಂದ ಬಂದದ್ದಲ್ಲ, ಅಂದವಿಲ್ಲ, ಅಳತೆಯಿಲ್ಲ. “ಅತ್ತೇ, ಅತ್ತೇ!” ಎನ್ನುತ್ತ ಎರಡೂ ಕಾಲನ್ನು ಸೀಟಿನ ಮೇಲಕ್ಕೆ ಎಳೆದುಕೊಂಡು, ಅವರ ಹೆಗಲಲ್ಲಿ ಮುಖ ಹುದುಗಿಸಿಬಿಟ್ಟಿದ್ದೆ. ಕಾಲೇಜು ಹುಡುಗಿಯರು ನನ್ನ ಕೂಗಿಗೇ ಚೀರಿದರು. ಆಮೇಲೆ ಇಡೀ ಥಿಯೇಟರ್ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಯಾರೋ ಸೀಟಿ ಹೊಡೆದರು. ನಗಲಿ ಬಿಡಿ, ನನಗೆ ತಲೆಯೆತ್ತಲು ಧೈರ್ಯವಿರಲಿಲ್ಲ. ಆಗ ನನಗೆ ಗೊತ್ತಿದ್ದದ್ದು ಒಂದೇ, ಈ ಹೆಗಲು ಇಲ್ಲಿದೆ ಎಂಬುದು.

ಅತ್ತೆ ಏಳುತ್ತಾರೆಂದುಕೊಂಡಿದ್ದೆ. ಅವರು ಏಳಲಿಲ್ಲ. ಬೆನ್ನು ಬಿಗಿಯಾಗಿದ್ದದ್ದು ಸಡಿಲವಾಗಿ ಸೀಟಿಗೆ ಒರಗಿದ್ದು ನನ್ನ ಕೆನ್ನೆಗೆ ತಿಳಿಯಿತು. ನನ್ನ ತಲೆಯ ಮೇಲೆ ಕೈ ಬಂತು.

“ಇಲ್ಲೇ ಇದ್ದೀನಿ ಕಣೇ. ಪಕ್ಕದಲ್ಲೇ ಇದ್ದೀನಲ್ಲ,” ಎಂದರು. ಧ್ವನಿ ನಡುಗುತ್ತಿತ್ತು. ಅದು ಹೆದರಿಕೆಗಲ್ಲ.

ಗದ್ದಲಕ್ಕೆ ಬಾಗಿಲು ಕಾಯುವವನು ಟಾರ್ಚು ಹಿಡಿದು ನಮ್ಮ ಸಾಲಿಗೆ ಬಂದ. “ಏನಾಯ್ತಮ್ಮಾ? ಯಾರಿಗಾದ್ರೂ ಹುಷಾರಿಲ್ವಾ?”

ಬೆಳಕು ಅತ್ತೆಯ ಮುಖದ ಮೇಲೆ ಬಿತ್ತು. ಕಣ್ಣುಗಳು ಒದ್ದೆಯಾಗಿದ್ದವು. ಒರೆಸಿಕೊಳ್ಳಲಿಲ್ಲ, ಧ್ವನಿಯನ್ನೂ ತಗ್ಗಿಸಲಿಲ್ಲ; ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ಕೇಳಿಸುವ ಹಾಗೆ ಹೇಳಿದರು.

“ಏನಿಲ್ಲಪ್ಪ. ನಮ್ಮ ಸೊಸೆ. ನನ್ನನ್ನ ಕರೆದ್ಳು.”